ನೋಡೋರಿಲ್ಲ ಅಂದ್ರೆ ಚಿತ್ರ ಬರಲ್ವಂತೆ

ಕುವೆಂಪುನಗರದ ಮನೇಲಿ ಹಳೇ ಪಿಸಿನ ಅಟ್ಟಕ್ಕೆ ಹಾಕಿ ಕೆಳಗೆ ಕೂತು ಲ್ಯಾಪ್‌ಟಾಪಿಂದ ರಿಮೋಟ್ ಮಾಡ್ಕೊಳ್ಳೋಣ ಅಂದ್ರೆ ಈ ಗ್ರಾಫಿಕ್ಸ್ ಡ್ರೈವರ್, ಅದೇ ಸ್ಕ್ರೀನಿಗೆ ಚಿತ್ರ ಕಳ್ಸೋ ಸಾಫ್ಟ್‌ವೇರು, ಬಿಡ್ತಿಲ್ಲ ಗುರೂ, ಮಾನಿಟರ್ ಕಿತ್ತು ರೀಸ್ಟಾರ್ಟ್ ಮಾಡಿದ್ರೆ ಸಾಕು, ಒಂದೋ ಕಪ್ಪು ಸ್ಕ್ರೀನು ಇಲ್ಲಾ 1024×768 ಅನ್ನೋ ಹಳೇ ಕಾಲದ ರೆಸಲ್ಯೂಷನ್ನು. ಏನ್ ಧಿಮಾಕು ಅಂತೀನಿ! ಹಾಗಂತ ಅದಕ್ಕೆ ನಿಜವಾದ ಮಾನಿಟರೇನೂ ಬೇಕಿಲ್ಲ, ಇಡಿಐಡಿ ಅಂತ ಮಾನಿಟರಿಂದು ಕನಿಷ್ಠ 128 ಬೈಟಿನ ಜಾತಕ ಇರುತ್ತೆ, ಯಾವ ಕಂಪನಿ, ಎಷ್ಟು ರೆಸಲ್ಯೂಷನ್ನು, ಎಷ್ಟು ಹರ್ಟ್ಜ್ ಅಂತ, ಅದನ್ನ ಯಾರು ತೋರಿಸಿದ್ರೂ ನಂಬುತ್ತೆ. ಲಿನಕ್ಸಲ್ಲಿ ಬೂಟ್ ಲೈನಿಗೆ, ಅಂದ್ರೆ ಪಿಸಿ ಶುರುವಾಗೋವಾಗ ಓದೋ ಸೆಟ್ಟಿಂಗ್ ಸಾಲಿಗೆ, ಪೋರ್ಟ್ ಹೆಸರು, ರೆಸಲ್ಯೂಷನ್ ಬರ್ದು ಕೊನೇಲಿ ಒಂದು ಇಂಗ್ಲಿಷ್ ‘e’ ಸೇರಿಸಿದ್ರೆ ಸ್ಕ್ರೀನ್ ಇದೆ ಅಂತ ಒಪ್ಕೋಬೇಕು, ಇಡಿಐಡಿ ಫೈಲನ್ನೇ ಫರ್ಮ್‌ವೇರ್ ಫೋಲ್ಡರಲ್ಲಿ ಇಟ್ಟೂ ತೋರಿಸ್ಬೋದು, ಆದ್ರೆ ಕೆಲವು ಡ್ರೈವರ್‌ಗಳು ಇದ್ಯಾವ್ದಕ್ಕೂ ಸೊಪ್ಪು ಹಾಕಲ್ಲ, ಅವಕ್ಕೆ ಅವುಗಳದ್ದೇ ಬೇರೆ ಸೆಟ್ಟಿಂಗು.

ಉಳಿದಿದ್ದು ಡಮ್ಮಿ ಎಚ್‌ಡಿಎಂಐ ಪ್ಲಗ್ಗು. ಹೆಬ್ಬೆರಳಿನಷ್ಟು ಪ್ಲಾಸ್ಟಿಕ್ಕು, ಒಳಗೆ ಅದೇ ಇಡಿಐಡಿ ತುಂಬಿರೋ ಪುಟ್ಟ ಚಿಪ್ಪು. ದೇವರಾಜ ಅರಸು ರಸ್ತೆ ಕಡೆ ಅಂಗಡೀಲಿ ಕೇಳಿದ್ರೆ ‘ಡಮ್ಮಿ ಯಾಕೆ ಸಾರ್, ಒರಿಜಿನಲ್ ಕೇಬಲ್ಲೇ ಕೊಡ್ತೀನಿ ತಗೊಳ್ಳಿ’ ಅಂತಾನೆ! ಆನ್‌ಲೈನಲ್ಲಿ ಆರ್ಡರ್ ಹಾಕಿದೀನಿ, ಅದು ಬರೋವರ್ಗೂ ಹಾಲ್ ಟಿವಿನೇ ಪಿಸಿಗೆ ಸಿಗ್ಸಿದೀನಿ, ಅಮ್ಮಂಗೆ ಸೀರಿಯಲ್ ಕಟ್ಟು, ನಂಗೆ ಬೈಗುಳ.