ಬಳ್ಳಿಗಾವಿಯಲ್ಲಿ ಇದು ಆಗಲೇ ಇತ್ತು

ಯೋಗ ದರ್ಶನ, ಭಕ್ತಿ ಸಂಗೀತ, ಶಿಲ್ಪಕಲೆ ಮೂರನ್ನೂ ಒಟ್ಟಿಗೆ ಕಲಿಸುವುದು ಹೊಸ ಪ್ರಯೋಗ ಎಂದು ನಾನು ಓದಿದ ಒಂದು ಲೇಖನದಲ್ಲಿದೆ. ಒಮ್ಮೆ ನಮ್ಮ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿ ಕಡೆ ನೋಡಿ. ಆ ಊರಿನ ಕೋಡಿಮಠದ 1162ರ ಶಾಸನದಲ್ಲಿ ಅಲ್ಲಿ ಏನೇನು ಓದುತ್ತಿದ್ದರು ಎಂಬ ಪಟ್ಟಿಯೇ ಇದೆ. ನಾಲ್ಕು ವೇದ, ಪಾಣಿನಿಯ ವ್ಯಾಕರಣ, ಸಾಂಖ್ಯ, ಬೌದ್ಧ ದರ್ಶನ, ಪತಂಜಲಿಯ ಯೋಗಶಾಸ್ತ್ರ, ಜೊತೆಗೆ ಕಾವ್ಯ, ನಾಟಕ. ಕಾಳಾಮುಖ ಎಂಬ ಶೈವ ಪಂಥದವರ ಈ ಮಠದಲ್ಲಿ ಬೌದ್ಧ ದರ್ಶನದ ಪಾಠ! ಎಷ್ಟು ದೊಡ್ಡ ಮನಸ್ಸು ಅಲ್ವಾ? ಹಾಡುವವರು, ನುಡಿಸುವವರು, ಕುಣಿಯುವವರಿಗೂ ಅಲ್ಲಿ ಊಟ ಸಿಗುತ್ತಿತ್ತು. ಆ ಮಠದ ಕೇದಾರೇಶ್ವರ ಗುಡಿ ಇವತ್ತಿಗೂ ನಿಂತಿದೆ, ಶಿಲ್ಪದ ಪಾಠಕ್ಕೆ ಅದೇ ಸಾಕು.

ಆಸನವೇ ಯೋಗ ಅನ್ನುವವರಿಗೆ ಒಂದು ಮಾತು. ಪತಂಜಲಿಯ ಯೋಗಸೂತ್ರದ ಸುಮಾರು 195 ಸೂತ್ರಗಳಲ್ಲಿ ಆಸನದ ಬಗ್ಗೆ ನೇರವಾಗಿ ಹೇಳುವುದು ಮೂರೇ. ಮನಸ್ಸಿನ ವಿಚಾರವೇ ಜಾಸ್ತಿ.

ಸಂಗೀತ ಕಲಿಯುವವರು ಶಿವಮೊಗ್ಗದ ಹತ್ತಿರ, ತುಂಗೆಯ ದಡದ ಹೊಸಹಳ್ಳಿಯಲ್ಲಿ ಗಮಕ ಕೇಳಬೇಕು. ತಾಳದ ಹಂಗಿಲ್ಲದೆ, ಅರ್ಥಕ್ಕೆ ತಕ್ಕ ರಾಗದಲ್ಲಿ ಕಾವ್ಯ ವಾಚಿಸುವ ಕಲೆ ಅದು. ಆ ಊರಿನ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂತು. ನಮ್ಮ ಜಿಲ್ಲೆಯ ಕಾಲೇಜುಗಳಲ್ಲೇ ಯೋಗ, ಸಂಗೀತ, ಶಿಲ್ಪ ಒಟ್ಟಿಗೆ ಕಲಿಸುವ ಇಂಥದ್ದೊಂದು ಕೋರ್ಸ್ ಯಾಕೆ ಶುರು ಮಾಡಬಾರದು?