ಹೊಟ್ಟೆ ಉಬ್ಬಿದ ಮಾನಿಟರ್

ಮಾನಿಟರ್ ಒಂದೇ ಏಟಿಗೆ ಸಾಯುವುದು ಅಪರೂಪ. ಮೊದಲು ಸೋಮಾರಿಯಾಗುತ್ತದೆ. ಬಟನ್ ಒತ್ತಿದರೆ ದೀಪ ಮಿಟುಕಿಸುತ್ತದೆ, ಒಳಗೆ ಹಲ್ಲಿ ಲೊಚಗುಟ್ಟಿದಂತೆ ಟಿಕ್ ಟಿಕ್ ಅನ್ನುತ್ತದೆ, ಹತ್ತು ನಿಮಿಷ ಬಿಟ್ಟು ಮನಸ್ಸು ಬಂದರೆ ಏಳುತ್ತದೆ. ಹಲ್ಲಿ ನುಡಿದರೆ ಶಕುನ. ಇದು ನುಡಿದರೆ ಪವರ್ ಸಪ್ಲೈ ಶುರುವಾಗಲು ನೋಡಿ, ಔಟ್‌ಪುಟ್ ಸ್ಥಿರವಾಗದೆ ಸೋತು, ಮತ್ತೆ ಯತ್ನಿಸುತ್ತಿದೆ ಎಂದರ್ಥ.

ಮನೆಮದ್ದು ಎರಡು. ಒಂದು, ಬೆನ್ನಿಗೆ ಗುದ್ದುವುದು. ಇನ್ನೊಂದು, ಹೇರ್ ಡ್ರೈಯರ್. ತಮಾಷೆಯೆಂದರೆ ಬಿಸಿಗಾಳಿಗೆ ಅದು ಎಷ್ಟೋ ಸಲ ನಿಜವಾಗಿಯೂ ಎದ್ದು ಕೂರುತ್ತದೆ! ಒಣಗುತ್ತಿರುವ ಕೆಪಾಸಿಟರ್ (ಬೋರ್ಡಿನ ಮೇಲೆ ವಿದ್ಯುತ್ ಕೂಡಿಡುವ ಪುಟ್ಟ ಡಬ್ಬಿ) ಬೆಚ್ಚಗಾದಾಗ ಅದರ ಒಳರೋಧ ಇಳಿಯುತ್ತದೆ. ಆದರೆ ಅದೇ ಶಾಖ ಅದನ್ನು ಇನ್ನಷ್ಟು ಒಣಗಿಸುತ್ತದೆ.

ಬಿಚ್ಚುವ ಉತ್ಸಾಹಕ್ಕೆ ಮುಂಚೆ ಸಿಪಿಯುವಿನ ಪವರ್ ಕೇಬಲ್ ಕಿತ್ತು ಮಾನಿಟರ್‌ಗೆ ಹಾಕಿ ನೋಡಿ. ಹೊರಗಿನ ಅಡಾಪ್ಟರ್ ಇದ್ದರೆ ಮಲ್ಟಿಮೀಟರ್ ಹಿಡಿದು '12 ವೋಲ್ಟ್ ಬರ್ತಿದೆ, ಸರಿಯಿದೆ' ಎಂದು ಬೀಗಬೇಡಿ. ಭಾರವಿಲ್ಲದಾಗ ಎಲ್ಲರೂ ಪೈಲ್ವಾನರೇ. ಮಾನಿಟರ್ ಹೊತ್ತಾಗ ಕುಸಿಯುತ್ತದೆಯೇ ನೋಡಬೇಕು. ಕಪ್ಪಾದ ಪರದೆಗೆ ಓರೆಯಾಗಿ ಟಾರ್ಚ್ ಬಿಡಿ. ಐಕಾನ್‌ಗಳು ಮಸುಕಾಗಿ ಕಂಡರೆ ಚಿತ್ರ ಬದುಕಿದೆ, ಹಿಂಬದಿಯ ಬೆಳಕು ಮಾತ್ರ ಕೈಕೊಟ್ಟಿದೆ.

ಇನ್ನು ಬಿಚ್ಚುವುದು. ಪ್ಲಗ್ ಕಿತ್ತು, ಸ್ಟ್ಯಾಂಡಿನ ಸ್ಕ್ರೂ ತೆಗೆದು, ಅಂಚಿನ ಸಂದಿಗೆ ಅವಧಿ ಮುಗಿದ ಎಟಿಎಂ ಕಾರ್ಡ್ ತೂರಿಸಿ ಸುತ್ತ ಬನ್ನಿ. ಪ್ಲಾಸ್ಟಿಕ್ ಕ್ಲಿಪ್‌ಗಳು ಬಿಡುವಾಗ ಮುರಿದಂತೆಯೇ ಸದ್ದು ಮಾಡುತ್ತವೆ. ಕೆಲವು ನಿಜಕ್ಕೂ ಮುರಿದಿರುತ್ತವೆ.

ಈಗ ನಗು ಬದಿಗಿಡಿ. ಬೋರ್ಡಿನಲ್ಲಿ ಎಲ್ಲಕ್ಕಿಂತ ದಪ್ಪಗೆ ಕೂತವನು 400 ಅಥವಾ 450 ವೋಲ್ಟಿನ ಕೆಪಾಸಿಟರ್. ನಮ್ಮ 230 ವೋಲ್ಟ್ ಕರೆಂಟು ಅವನ ಹೊಟ್ಟೆಯಲ್ಲಿ ಸುಮಾರು 325 ವೋಲ್ಟ್ ಡಿಸಿ ಆಗಿ ಕೂತಿರುತ್ತದೆ, ಪ್ಲಗ್ ಕಿತ್ತ ಮೇಲೂ. ಸ್ಕ್ರೂಡ್ರೈವರ್ ಅಡ್ಡ ಇಟ್ಟರೆ ದೀಪಾವಳಿ, ಆಮೇಲೆ ತುದಿ ಸುಟ್ಟ ಸ್ಕ್ರೂಡ್ರೈವರ್. ಹಳೆಯ 60 ವ್ಯಾಟ್ ತಂತಿ ಬಲ್ಬಿನ ಎರಡು ವೈರನ್ನು ಆ ಕೆಪಾಸಿಟರಿನ ಕಾಲುಗಳಿಗೆ ಕೆಲವು ಸೆಕೆಂಡ್ ತಾಗಿಸಿ, ಮೀಟರ್‌ನಲ್ಲಿ ಖಾತ್ರಿ ಮಾಡಿಕೊಳ್ಳಿ. ಎಲ್‌ಇಡಿ ಬಲ್ಬ್ ಇಲ್ಲಿ ನಡೆಯದು. ಎದೆ ಡವಗುಟ್ಟಿದರೆ ಮೆಕ್ಯಾನಿಕ್ ಹತ್ತಿರ ಕೊಡಿ, ಅದರಲ್ಲಿ ಅವಮಾನವೇನಿಲ್ಲ.

ಹೆಚ್ಚಿನ ಸಲ ಅಪರಾಧಿ ಇವನಲ್ಲ. ಶಾಖ ಹೊರಹಾಕುವ ಲೋಹದ ತುಂಡಿಗೆ, ಅಂದರೆ ಹೀಟ್‌ಸಿಂಕ್‌ಗೆ, ಬೆನ್ನುಕೊಟ್ಟು ಕೂತ ಸಣ್ಣವರು: 1000 ಮೈಕ್ರೋಫ್ಯಾರಡ್, 470 ಮೈಕ್ರೋಫ್ಯಾರಡ್ (ಕೂಡಿಡುವ ಸಾಮರ್ಥ್ಯದ ಅಳತೆ). ತಲೆ ಚಪ್ಪಟೆಯಾಗಿರಬೇಕು. ಮದುವೆ ಮನೆಯ ಎರಡನೇ ಪಂಕ್ತಿಯಲ್ಲಿ ಉಂಡವರ ಹೊಟ್ಟೆಯಂತೆ ಉಬ್ಬಿದ್ದರೆ, ಬುಡದಲ್ಲಿ ಕಂದು ಅಂಟು ಸೋರಿದ್ದರೆ, ಸಿಕ್ಕಿಬಿದ್ದ ಹಾಗೆಯೇ. ಉಬ್ಬದ ಸಭ್ಯಸ್ಥರೂ ಒಳಗೆ ಒಣಗಿರಬಹುದು. ಸಾಲಿನವರನ್ನೆಲ್ಲ ಒಟ್ಟಿಗೆ ಬದಲಿಸುವುದೇ ಮೇಲು.

ಬೆಂಗಳೂರಿನವರಾದರೆ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡಿಗೆ ಹೋಗಿ 'ಸಾವಿರ-ಇಪ್ಪತ್ತೈದು, 105 ಡಿಗ್ರಿ, ಲೋ ಇಎಸ್‌ಆರ್' ಎನ್ನಿ; 1000 ಮೈಕ್ರೋಫ್ಯಾರಡ್, 25 ವೋಲ್ಟ್, 105 ಡಿಗ್ರಿ ಶಾಖ ತಡೆಯುವ, ಒಳರೋಧ ಕಡಿಮೆ ಇರುವುದು ಎಂದರ್ಥ. ಮೈಕ್ರೋಫ್ಯಾರಡ್ ಅಷ್ಟೇ ಇರಲಿ, ವೋಲ್ಟ್ ಅಷ್ಟೇ ಅಥವಾ ತುಸು ಹೆಚ್ಚು. 85 ಡಿಗ್ರಿಯದ್ದು ಒಂದೆರಡು ರೂಪಾಯಿ ಕಡಿಮೆ ಎಂದು ತಂದರೆ ಅದೇ ಬಿಸಿಯಲ್ಲಿ ಬೇಗ ಬೇಯುತ್ತದೆ. ಎತ್ತರವನ್ನೂ ಅಳೆದುಕೊಂಡು ಹೋಗಿ, ಇಲ್ಲವಾದರೆ ಮುಚ್ಚಳ ಕೂರುವುದಿಲ್ಲ. ಹಳೆಯದನ್ನು ಕೀಳುವ ಮೊದಲು ಫೋನಿನಲ್ಲಿ ಒಂದು ಫೋಟೋ: ಮೈಮೇಲೆ ಪಟ್ಟೆ ಇರುವ ಕಡೆ ಮೈನಸ್. ತಿರುಗುಮುರುಗಾಗಿ ಬೆಸೆದರೆ 'ಟಪ್' ಎಂದು ಸಿಡಿದು, ವಾಸನೆ ಹಜಾರದವರೆಗೂ ಬರುತ್ತದೆ.

ಫ್ಯೂಸ್ ಹೋಗಿದ್ದರೆ ಹೊಸದನ್ನು ಹಾಕಿ ಕೈಮುಗಿದರೆ ಸಾಲದು. ಮಾಸ್‌ಫೆಟ್ (ಕರೆಂಟನ್ನು ಸರಸರ ಆನ್-ಆಫ್ ಮಾಡುವ ಬಿಡಿಭಾಗ) ಅಥವಾ ಬ್ರಿಡ್ಜ್ (ಎಸಿಯನ್ನು ಡಿಸಿ ಮಾಡುವುದು) ಶಾರ್ಟ್ ಆಗಿರುವ ಸಂಭವವೇ ಹೆಚ್ಚು. ಫ್ಯೂಸಿನ ಜಾಗಕ್ಕೆ ತಾಮ್ರದ ಎಳೆ ಸುತ್ತುವ ಪರಂಪರೆಯನ್ನು ಇಲ್ಲಿಗೆ ತರಬೇಡಿ. ಮೊದಲ ಸಲ ಕರೆಂಟು ಕೊಡುವಾಗ ಅದೇ 60 ವ್ಯಾಟ್ ಬಲ್ಬನ್ನು ಮಾನಿಟರ್‌ಗೆ ಕರೆಂಟು ಹೋಗುವ ದಾರಿಯಲ್ಲೇ, ಸರಣಿಯಲ್ಲಿ ಸೇರಿಸಿ. ಒಮ್ಮೆ ಮಿಂಚಿ ಮಂಕಾದರೆ ಶುಭ; ಜಗಜಗ ಉರಿಯುತ್ತಲೇ ಇದ್ದರೆ ಪ್ಲಗ್ ಕಿತ್ತು, ದಪ್ಪನವನ ಚಾರ್ಜ್ ಇಳಿಸುವುದರಿಂದ ಮತ್ತೆ ಶುರು.

ಬಲ್ಬ್ ಮಂಕಾಯಿತು, ವೋಲ್ಟೇಜ್ ಸರಿಬಂತು, ಮುಚ್ಚಳ ಕೂತಿತು, ಆದರೂ ಮಾನಿಟರ್ ಮಿಸುಕುತ್ತಿಲ್ಲವೇ? ಮುಂದಿನ ಬಟನ್ ಪಟ್ಟಿಗೆ ಹೋಗುವ ಆ ಸಣ್ಣ ಕನೆಕ್ಟರ್ ಸಿಕ್ಕಿಸುವುದನ್ನು ಮರೆತಿರುತ್ತೀರಿ. ಎಟಿಎಂ ಕಾರ್ಡ್ ಎಲ್ಲಿಟ್ಟಿರಿ?