ಮಲೆನಾಡಿನ ಹಳೆಯ ನಿಗೂಢಗಳನ್ನು ಕೆದಕಬೇಕೆ? ಪರ-ವಿರೋಧ

ಪರ: ಪ್ರಶ್ನೆ ಕೇಳಿದ ಹುಡುಗನನ್ನು ಗದರಿಸಬೇಡಿ

ಹೊಸನಗರ ತಾಲ್ಲೂಕಿನ ಶಾಲೆಯೊಂದರಲ್ಲಿ ಇತಿಹಾಸ ಕಲಿಸುತ್ತಿದ್ದ ಕಾಲದಲ್ಲಿ ಪ್ರತಿ ವರ್ಷವೂ ಮಕ್ಕಳನ್ನು ನಗರ ಎಂಬ ಊರಿನ ಕೋಟೆಗೆ ಕರೆದೊಯ್ಯುತ್ತಿದ್ದೆ. ಕೆಳದಿಯ ಅರಸರ ವಂಶಾವಳಿಯನ್ನೂ ಶಿವಪ್ಪನಾಯಕನ ಶಿಸ್ತು ಎಂಬ ಭೂಕಂದಾಯ ಪದ್ಧತಿಯನ್ನೂ ನಾನು ವಿವರಿಸುವಾಗ ಆಕಳಿಸುತ್ತಿದ್ದ ಹುಡುಗರು, "ಸಾರ್, ಇಲ್ಲಿ ರಾತ್ರಿ ಗೆಜ್ಜೆ ಸದ್ದು ಕೇಳುತ್ತದಂತೆ, ಹೌದಾ?" ಎಂದು ಅವರಲ್ಲೊಬ್ಬ ಕೇಳಿದೊಡನೆ ಹತ್ತಿರ ಸರಿದು ನಿಲ್ಲುತ್ತಿದ್ದರು. ಮೊದಮೊದಲು ಗದರಿಸುತ್ತಿದ್ದೆ. ಆಮೇಲೆ ಆ ಪ್ರಶ್ನೆಯಿಂದಲೇ ಪಾಠ ಶುರು ಮಾಡತೊಡಗಿದೆ. ಗೆಜ್ಜೆಯ ವಿಚಾರ ಹಾಗಿರಲಿ, ಈ ಊರಿನಲ್ಲಿ ಒಂದು ಕೊಲೆಯ ಅನುಮಾನವಂತೂ ಎರಡೂವರೆ ಶತಮಾನಗಳಿಂದ ಇತ್ಯರ್ಥವಾಗದೆ ಉಳಿದಿದೆ.

ಆಗ ಬಿದನೂರು ಎನಿಸಿಕೊಂಡು ಕೆಳದಿ ಅರಸರ ರಾಜಧಾನಿಯಾಗಿದ್ದ ಈ ಊರಿನ ದೊರೆ ಬಸಪ್ಪನಾಯಕ ತೀರಿಕೊಂಡ ಮೇಲೆ ದತ್ತುಪುತ್ರ ಚೆನ್ನಬಸಪ್ಪನಾಯಕ ಪಟ್ಟಕ್ಕೆ ಬಂದ. ಅವನಿನ್ನೂ ಎಳೆಯನಾದ್ದರಿಂದ ಆಡಳಿತ ರಾಣಿ ವೀರಮ್ಮಾಜಿಯ ಕೈಯಲ್ಲಿತ್ತು. ಸುಮಾರು 1757ರಲ್ಲಿ ಹುಡುಗನೂ ಇಲ್ಲವಾದ. ಮೈಸೂರಿನ ಇತಿಹಾಸವನ್ನು 1810ರಿಂದ ಸಂಪುಟಗಳಲ್ಲಿ ಪ್ರಕಟಿಸಿದ ಬ್ರಿಟಿಷ್ ಅಧಿಕಾರಿ ಮಾರ್ಕ್ ವಿಲ್ಕ್ಸ್, ರಾಣಿಯ ನಡತೆಯನ್ನು ಹುಡುಗ ಆಕ್ಷೇಪಿಸಿದ್ದಕ್ಕಾಗಿ ಸ್ನಾನದ ವೇಳೆ ಮೈ ತಿಕ್ಕುವ ಜಟ್ಟಿಯೊಬ್ಬನ ಕೈಯಿಂದ ಅವನ ಕತ್ತು ಮುರಿಸಲಾಯಿತು ಎಂದು ಬರೆಯುತ್ತಾನೆ. 1763ರಲ್ಲಿ ಚಿತ್ರದುರ್ಗದ ಪಾಳೆಯಗಾರನ ಬೆಂಬಲ ಪಡೆದ ತರುಣನೊಬ್ಬ ಹೈದರಾಲಿಯ ಮುಂದೆ ಬಂದು ನಿಂತ. ತಾನೇ ಚೆನ್ನಬಸಪ್ಪ, ಜಟ್ಟಿ ತನ್ನನ್ನು ಕೊಲ್ಲದೆ ಉಳಿಸಿದ ಎಂಬುದು ಅವನ ವಾದ. ಹೈದರನಿಗೂ ಅಂಥದೊಂದು ನೆಪ ಬೇಕಿತ್ತು. ಅದೇ ವರ್ಷ ಬಿದನೂರು ಬಿತ್ತು. ರಾಣಿ ಮಧುಗಿರಿಯ ಸೆರೆಗೆ ಹೋದಳು. ಹಕ್ಕು ಕೇಳಿಕೊಂಡು ಬಂದ ತರುಣನೂ ಪಟ್ಟದ ಬದಲು ಸೆರೆಯನ್ನೇ ಕಂಡ. ಊರಿಗೆ ಹೈದರನಗರವೆಂದು ಹೆಸರಾಯಿತು.

ಇಷ್ಟನ್ನು ಹೇಳಿ ನಾನು ಸುಮ್ಮನಾಗುತ್ತಿದ್ದೆ. ಒಮ್ಮೆ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಕೋಟೆಯ ಮೆಟ್ಟಿಲ ಮೇಲೆ ಕುಳಿತು, ಬೆರಳು ಮಡಚುತ್ತ ಲೆಕ್ಕ ಒಪ್ಪಿಸಿದಳು: ಜಟ್ಟಿ ಕೊಂದದ್ದು ನಿಜವಾದರೆ ಆ ತರುಣ ಸುಳ್ಳುಗಾರ, ತರುಣ ಹೇಳಿದ್ದು ನಿಜವಾದರೆ ಕೊಲೆಯೇ ನಡೆದಿಲ್ಲ, ಎರಡನ್ನೂ ಒಟ್ಟಿಗೆ ನಂಬುವ ಹಾಗಿಲ್ಲ, ಆದರೂ ಎರಡರಲ್ಲೂ ಕೆಟ್ಟವಳು ರಾಣಿಯೇ. ಬರೆದವನು ಸುಮಾರು ಐವತ್ತು ವರ್ಷ ಕಳೆದ ಮೇಲೆ ಬರೆದ ಪರದೇಶಿ ಎಂಬುದನ್ನು ಅವಳಿಗೆ ನಾನು ನೆನಪಿಸಬೇಕಾಗಲಿಲ್ಲ. ನಾನು ಕಲಿಸಿದ ಮೂವತ್ತು ವರ್ಷಗಳಲ್ಲಿ ಪಠ್ಯಪುಸ್ತಕದ ಯಾವ ಪುಟವೂ ಆ ಕೆಲಸ ಮಾಡಲಿಲ್ಲ.

ದೆವ್ವದ ಕತೆಗೂ ಇದೇ ಮಾತು ಸಲ್ಲುತ್ತದೆ. ನಮ್ಮ ಗದ್ದೆಯಾಚೆಯ ಹಕ್ಕಲಿನಲ್ಲಿ ಕೊಳ್ಳಿದೆವ್ವವಿದೆ ಎಂದು ಅಜ್ಜಿ ಹೇಳುತ್ತಿದ್ದಳು. ಹೈಸ್ಕೂಲಿನಲ್ಲಿದ್ದಾಗ, ಆಷಾಢದ ಒಂದು ರಾತ್ರಿ, ಚಿಕ್ಕಪ್ಪನ ಕೈ ಹಿಡಿದು ಅಲ್ಲಿಗೆ ಹೋದೆ. ನೆಲದಲ್ಲಿ ಬಿದ್ದಿದ್ದ ಲಡ್ಡು ಹಿಡಿದ ಮರ ತಣ್ಣನೆಯ ಹಸಿರು ಬೆಳಕಿನಿಂದ ಹೊಳೆಯುತ್ತಿತ್ತು. ಚಿಕ್ಕಪ್ಪ ಅಂಗೈಯಗಲದ ತುಂಡೊಂದನ್ನು ಮುರಿದು ಕಂಬಳಿಕೊಪ್ಪೆಯೊಳಗೆ ಸುತ್ತಿ ತಂದರು. ಮನೆಯಲ್ಲಿ ಲಾಟೀನಿನ ಮುಂದೆ ಹಿಡಿದರೆ ಒದ್ದೆ ಸೌದೆ. ದೀಪ ಸಣ್ಣ ಮಾಡಿದರೆ ಮತ್ತೆ ಹಸಿರು. ಮಳೆಗಾಲದಲ್ಲಿ ಕೊಳೆತ ಮರಕ್ಕೆ ಹತ್ತುವ ಒಂದು ಬಗೆಯ ಶಿಲೀಂಧ್ರದ ಬೆಳಕು ಅದೆಂದು ತಿಳಿದದ್ದು ಎಷ್ಟೋ ವರ್ಷಗಳ ನಂತರ. ಅಜ್ಜಿ ಮಾತ್ರ ಕೊನೆಯವರೆಗೂ ಒಪ್ಪಲಿಲ್ಲ.

ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸತ್ತು ಬಿದ್ದು, ಸುತ್ತಲಿನ ಜನರು ಜ್ವರದಿಂದ ಮಲಗಿದಾಗ, ಏಕೆಂದು ಕೆದಕಿದವರಿದ್ದುದರಿಂದಲೇ ಉಣುಗಿನಿಂದ ಹರಡುವ ವೈರಸ್ಸು ಪತ್ತೆಯಾಯಿತು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿ ರಚಿಸಿದ್ದೂ ಇದೇ ಮನೋಧರ್ಮದಿಂದ. ಕೆದಕಬಾರದು ಎನ್ನುವವರು ಒಂದೋ ಚೌಡಿ ಮುನಿದಾಳೆಂದು ಹೆದರುವವರು, ಇಲ್ಲವೇ ಹುಡುಗರು ಕತ್ತಲಲ್ಲಿ ಕಾಲು ಮುರಿದುಕೊಂಡಾರೆಂದು ಹೆದರುವವರು. ಸತ್ತವರ ಮನೆಯವರಿಗೆ ನೋವಾಗುತ್ತದೆ ಎಂಬ ಮಾತೂ ಇದೆ. ವೀರಮ್ಮಾಜಿಯ ಮನೆಯವರು ಈಗ ಎಲ್ಲಿದ್ದಾರೆ?

ವಿರೋಧ: ಕತೆಯ ಬೆನ್ನಿಗೆ ಹಾರೆ ಬರುತ್ತದೆ

ಈ ಪಕ್ಷವನ್ನು ನೀವು ವಹಿಸಬೇಕು ಎಂದು ಕೇಳಿದಾಗ, ವೃತ್ತಿಯಿಂದ ವಕೀಲನಾದ ನಾನು ಒಲ್ಲೆ ಎನ್ನಲಿಲ್ಲ. ಒಪ್ಪದ ಕಕ್ಷಿದಾರನ ಪರವಾಗಿ ನಿಲ್ಲುವುದು ನನಗೆ ಹೊಸದೂ ಅಲ್ಲ. ದೆವ್ವದ ಕತೆ ಕೇಳುವ ಚಟ ನನಗೂ ಇದೆಯೆಂದು ಮೊದಲೇ ಹೇಳಿಬಿಡುತ್ತೇನೆ.

ಕಾನೂನು ಸ್ಪಷ್ಟವಾಗಿದೆ. ಸಂರಕ್ಷಿತ ಸ್ಮಾರಕಗಳಿಗೆ ಸಾಮಾನ್ಯವಾಗಿ ಸೂರ್ಯಾಸ್ತದ ನಂತರ ಪ್ರವೇಶವಿಲ್ಲ. ಅಲ್ಲಿ ಅಪರಾತ್ರಿಯಲ್ಲಿ ಆತ್ಮದ ಧ್ವನಿ ಹಿಡಿಯಲು ಹೋಗುವವರು ಮೊದಲು ಮಾಡುವುದೇ ಅತಿಕ್ರಮ ಪ್ರವೇಶ. ವಾಮಾಚಾರ ತಡೆಗೆ 2017ರಲ್ಲಿ ರೂಪುಗೊಂಡು 2020ರ ಜನವರಿಯಲ್ಲಿ ಜಾರಿಗೆ ಬಂದ ನಮ್ಮ ರಾಜ್ಯದ ಕಾಯ್ದೆ, ನಿಧಿ ಹುಡುಕುವ ಹೆಸರಿನ ವಾಮಾಚಾರವನ್ನೂ ಅಪರಾಧವೆನ್ನುತ್ತದೆ. ಪರವಾಗಿ ಬರೆಯುವವರು ಮಂಗನ ಕಾಯಿಲೆಯನ್ನು ಎಳೆದು ತರುತ್ತಾರೆಂದು ಬಲ್ಲೆ. ಅದನ್ನು ಪತ್ತೆ ಮಾಡಿದವರು ಪುಣೆಯ ವಿಜ್ಞಾನಿಗಳು, ಮೊಬೈಲು ಹಿಡಿದು "ಯಾರಿದ್ದೀರಿ, ಮಾತಾಡಿ" ಎಂದು ಬಾವಿಯೊಳಗೆ ಕೂಗುವವರಲ್ಲ.

ಇನ್ನೂ ಮೂರು ಅಂಶಗಳನ್ನು ಬರೆದಿಟ್ಟುಕೊಂಡಿದ್ದೆ. ಅವನ್ನು ಬಿಟ್ಟು ನಮ್ಮ ಮನೆಯ ಕಲ್ಲಿನ ಸಂಗತಿಯನ್ನೇ ಹೇಳುತ್ತೇನೆ.

ಸೊರಬ ತಾಲ್ಲೂಕಿನಲ್ಲಿರುವ ನಮ್ಮ ಅಡಿಕೆ ತೋಟದ ದರೆಯ ಪಕ್ಕ ಒಂದು ವೀರಗಲ್ಲಿತ್ತು. ಕೆಳಗಿನ ಪಟ್ಟಿಕೆಯಲ್ಲಿ ದನಗಳ ಸಾಲಿನ ಮುಂದೆ ಬಿಲ್ಲು ಹಿಡಿದ ವೀರ, ನಡುವೆ ಅವನನ್ನು ತೋಳು ಹಿಡಿದು ಒಯ್ಯುವ ಅಪ್ಸರೆಯರು, ಮೇಲೆ ಲಿಂಗದೆದುರು ಕೈ ಮುಗಿದು ಕುಳಿತವನೂ ಅವನೇ. ಪಟ್ಟಿಕೆಗಳ ನಡುವಿನ ಅಂಚಿನಲ್ಲಿ ಹಳಗನ್ನಡದ ಎರಡು ಸಾಲುಗಳಿದ್ದವು. ದೀಪಾವಳಿಯಲ್ಲಿ ಅಮ್ಮ ಅದರ ಮುಂದೆ ಹಣತೆ ಇಡುವುದನ್ನು ಬಿಟ್ಟರೆ ಅದರ ಗೊಡವೆಗೆ ಯಾರೂ ಹೋಗುತ್ತಿರಲಿಲ್ಲ. ಕೆಲವು ವರ್ಷಗಳ ಹಿಂದೆ ನಾಲ್ವರು ಹುಡುಗರು ಬಂದು, ವಿನಯದಿಂದಲೇ ಕೇಳಿ, ಸಂಜೆಗತ್ತಲಲ್ಲಿ ಕಲ್ಲಿನ ಚಿತ್ರೀಕರಣ ಮಾಡಿಕೊಂಡು ಹೋದರು. ವಿಡಿಯೊದಲ್ಲಿ ನಮ್ಮ ವೀರ ಅತೃಪ್ತ ಆತ್ಮವಾಗಿದ್ದ. ಅಮಾವಾಸ್ಯೆಯಂದು ದನಗಳನ್ನು ಅಟ್ಟಿಕೊಂಡು ತಿರುಗುತ್ತಿದ್ದ. ನೋಡಿದ ಯಾರಿಗೋ, ಆತ್ಮ ಕಾವಲಿದೆಯೆಂದರೆ ಕೆಳಗೆ ನಿಧಿ ಇರಲೇಬೇಕು ಎಂಬ ತರ್ಕ ಹೊಳೆದಿರಬೇಕು. ಮುಂದಿನ ಅಮಾವಾಸ್ಯೆಯ ಮರುದಿನ ಬೆಳಿಗ್ಗೆ ಅಣ್ಣ ಹೋಗಿ ನೋಡಿದರೆ ಸೊಂಟದಾಳದ ಗುಂಡಿ, ಸುತ್ತ ಕುಂಕುಮ ಮೆತ್ತಿದ ನಿಂಬೆಹಣ್ಣು, ಕಲ್ಲು ಎರಡು ತುಂಡು. ದೂರು ಕೊಟ್ಟೆವು. ಯಾರೂ ಸಿಗಲಿಲ್ಲ.

ಬಿರುಕು ಅಕ್ಷರಗಳ ನಡುವೆಯೇ ಹಾದುಹೋಗಿದೆ. ಹೆಸರಿದ್ದಿರಬಹುದಾದ ಕಡೆ ಈಗ ಬರೀ ಚಕ್ಕೆ ಎದ್ದ ಜಾಗ. ಶಾಸನತಜ್ಞ ಲೂಯಿಸ್ ರೈಸ್ 1904ರಲ್ಲಿ ಹೊರತಂದ ನಮ್ಮ ಭಾಗದ ಶಾಸನ ಸಂಪುಟವನ್ನು ತೆರೆದು ಹುಡುಕಿದೆ. ನಮ್ಮ ಕಲ್ಲು ಅದರಲ್ಲಿಲ್ಲ. ಅಪ್ಪ ಬದುಕಿದ್ದಾಗ ಸಾಗರದ ಕಡೆಯ ಮೇಷ್ಟರೊಬ್ಬರು ಅದನ್ನು ಓದಿ ಬರೆದುಕೊಳ್ಳುತ್ತೇನೆಂದು ಕೇಳಿಕೊಂಡು ಬಂದಿದ್ದರಂತೆ. ಅಡಿಕೆಯ ಕೊನೆಕೊಯ್ಲಿನ ಗಡಿಬಿಡಿಯ ದಿನವಾದ್ದರಿಂದ, ಇನ್ನೊಮ್ಮೆ ಬನ್ನಿ ಎಂದು ಅಪ್ಪ ಅವರಿಗೆ ಕಾಫಿ ಕೊಟ್ಟು ಕಳುಹಿಸಿದ್ದರು.